ನಮ್ಮ ಉಳಿತಾಯಕ್ಕೆ ಕಾವಲು ಯಾರು?

ಕಳೆದ ತಿಂಗಳ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಕೋಶಾಧಿಕಾರಿಗಳು ವಿದ್ಯಾರ್ಥಿವೇತನ ನಿಧಿಯ ಲೆಕ್ಕ ಓದಿದರು. ಇಪ್ಪತ್ತೈದು ವರ್ಷಗಳ ಹಿಂದೆ ನಾಟಕವಾಡಿ, ಟಿಕೇಟು ಮಾರಿ, ಮನೆಮನೆ ಅಲೆದು ಕೂಡಿಸಿದ ಹಣ. ಅಸಲಿನಲ್ಲಿ ಒಂದು ಪೈಸೆಯೂ ಕಡಿಮೆಯಾಗಿಲ್ಲ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕೈ ಏಳಲಿಲ್ಲ. ಅಂದು ಅದರ ಬಡ್ಡಿಯಲ್ಲಿ ಹತ್ತು ಮಕ್ಕಳಿಗೆ ವರ್ಷದ ಪುಸ್ತಕ ಕೊಡುತ್ತಿದ್ದೆವು. ಈ ಸಲ ಮೂವರಿಗೆ ಸಾಕಾಯಿತು. ನಾಲ್ಕನೆಯ ಹುಡುಗಿಯ ತಂದೆಗೆ ‘ಮುಂದಿನ ವರ್ಷ ನೋಡೋಣ’ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಪೆಟ್ಟಿಗೆಯ ಬೀಗ ಹಾಗೆಯೇ ಇದೆ, ಒಳಗಿನದು ಕರಗಿದೆ. ಇದಕ್ಕೆ ಬೆಲೆಯೇರಿಕೆ ಎಂದು ಹೆಸರಿಟ್ಟು, ಮಳೆ ಬಿಸಿಲಿನಂತೆ ಇದೂ ದೈವೇಚ್ಛೆ ಎಂದು ಸುಮ್ಮನಾಗುವುದು ನಮಗೆ ರೂಢಿಯಾಗಿದೆ. ದೈವವನ್ನು ಸುಮ್ಮನೆ ಏಕೆ ದೂರಬೇಕು?

ಬೋರಿಬಂದರದಲ್ಲಿ ಇಳಿದು ಫೋರ್ಟಿನ ಕಚೇರಿಗಳಿಗೆ ನಡೆದ ನಮ್ಮವರಿಗೆಲ್ಲ ರಿಸರ್ವ್ ಬ್ಯಾಂಕಿನ ಎತ್ತರದ ಕಟ್ಟಡ ಪರಿಚಿತ. ನೋಟಿನ ಮೇಲಿರುವುದು ಅದರ ಗವರ್ನರರ ಸಹಿ. ಸಹಿ ಹಾಕುವ ಕೈಯನ್ನು ಹಿಡಿದವರು ಯಾರು? ದಕ್ಷಿಣ ಕನ್ನಡ ಮೂಲದ ಬೆನಗಲ್ ರಾಮರಾಯರು 1949ರಿಂದ ಏಳು ವರ್ಷಕ್ಕೂ ಮೇಲ್ಪಟ್ಟು ಗವರ್ನರರಾಗಿದ್ದರು. ಅರ್ಥಸಚಿವ ಟಿ.ಟಿ. ಕೃಷ್ಣಮಾಚಾರಿಯವರು ಹುಂಡಿಗಳ ಮೇಲಿನ ಮುದ್ರಾಂಕ ಸುಂಕ ಏರಿಸಿ, ಆ ಮೂಲಕ ಬ್ಯಾಂಕಿನ ಬಡ್ಡಿನೀತಿಯಲ್ಲಿ ಕೈಯಾಡಿಸಿದಾಗ ರಾಯರು ಆಕ್ಷೇಪಿಸಿದರು. ರಿಸರ್ವ್ ಬ್ಯಾಂಕು ಅರ್ಥಖಾತೆಯ ಒಂದು ವಿಭಾಗವಷ್ಟೇ ಎಂಬುದು ಸಚಿವರ ನಿಲುವು. ಪ್ರಧಾನಿ ನೆಹರೂ ಸಚಿವರ ಪಕ್ಷ ವಹಿಸಿದರು. 1957ರ ಜನವರಿಯಲ್ಲಿ ರಾಯರು ರಾಜೀನಾಮೆ ಕೊಟ್ಟು ಹೊರನಡೆದರು. ನಮ್ಮವರು ದೊಡ್ಡ ಹುದ್ದೆ ಏರಿದ್ದನ್ನು ಸಂಘದ ವೇದಿಕೆಯಲ್ಲಿ ಕೊಂಡಾಡುತ್ತೇವೆ. ಹುದ್ದೆ ಬಿಟ್ಟದ್ದನ್ನೂ ಒಮ್ಮೆ ಕೊಂಡಾಡಬಾರದೇ?

ಅಷ್ಟರೊಳಗೆ ಇನ್ನೊಂದು ಏರ್ಪಾಡು ಸದ್ದಿಲ್ಲದೆ ಆಗಿಹೋಗಿತ್ತು. 1955ರಿಂದ ಸರ್ಕಾರದ ಖಾತೆಯ ಹಣ ಗೊತ್ತಾದ ಮಟ್ಟಕ್ಕಿಂತ ಇಳಿದರೆ ‘ಅಡ್‌ಹಾಕ್’ ಟ್ರೆಜರಿ ಬಿಲ್ಲು ಬರೆದುಕೊಟ್ಟರಾಯಿತು, ರಿಸರ್ವ್ ಬ್ಯಾಂಕು ಖಾತೆ ತುಂಬಿಕೊಡಬೇಕು. ಬೆವರಿಲ್ಲದೆ ಹೊಸ ಹಣ ಹುಟ್ಟುತ್ತಿದ್ದುದು ಹೀಗೆ. ಮೂರು ತಿಂಗಳ ಕೈಗಡದ ಹೆಸರಿನಲ್ಲಿ ಇದು ನಲವತ್ತು ವರ್ಷಕ್ಕೂ ಮಿಕ್ಕಿ ನಡೆಯಿತು. 1974ರಿಂದ ಅದರ ಬಡ್ಡಿ ಶೇಕಡಾ 4.6, ಅಷ್ಟೇ. ನಾವು ನೀವು ಕಿರಾಣಿ ಅಂಗಡಿಯಲ್ಲಿ ಇಂಥ ಉದ್ದರಿ ಇಟ್ಟಿದ್ದರೆ ಅಂಗಡಿಯವನು ಮೆಟ್ಟಿಲು ಹತ್ತಗೊಡುತ್ತಿರಲಿಲ್ಲ. 1997ರಲ್ಲಿ ಪದ್ಧತಿ ನಿಂತಿತು, ನಿಜ. ಹಳೆಯ ಬಾಕಿಯನ್ನು ತೀರಿಸುವ ಬದಲು ಅವಧಿಯೇ ಇಲ್ಲದ ಸಾಲಪತ್ರಗಳಾಗಿ ಮಾರ್ಪಡಿಸಿದರು.

1974 ನನಗೆ ಚೆನ್ನಾಗಿ ನೆನಪಿದೆ. ಹಗಲು ಗುಮಾಸ್ತಗಿರಿ, ರಾತ್ರಿ ಕಾಲೇಜು. ಸಗಟು ಬೆಲೆಗಳು ವರ್ಷದಲ್ಲಿ ಶೇಕಡಾ 20ಕ್ಕೂ ಹೆಚ್ಚು ಏರಿದ್ದವು. ಬರಗಾಲ, ಎಣ್ಣೆಯ ಬೆಲೆ ಇವೂ ಕಾರಣವೆನ್ನಿ. ಆದರೆ ಮದ್ದು ಏನು ಮಾಡಿದರು? ನಮಗೆ ಬರಬೇಕಾದ ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧವನ್ನೂ, ಸಂಬಳದ ಏರಿಕೆಯನ್ನು ಪೂರ್ತಿಯಾಗಿಯೂ ಕಡ್ಡಾಯ ಠೇವಣಿಯೆಂದು ಕಾನೂನು ಮಾಡಿ ಹಿಡಿದಿಟ್ಟರು. ನಮ್ಮ ಕೈಯಲ್ಲಿ ಕಾಸಾಡಿದರೆ ಬೆಲೆ ಏರುತ್ತದಂತೆ! ಹಣ ಹುಟ್ಟಿಸಿದವರು ಅವರು, ಖರ್ಚು ಮಾಡಿದವರು ಅವರು, ಪಥ್ಯ ಮಾತ್ರ ಗುಮಾಸ್ತನಿಗೆ. ಆ ವರ್ಷ ಊರಿಗೆ ಅಮ್ಮನಿಗೆ ಕಳಿಸುವ ಮನಿಯಾರ್ಡರಿನಲ್ಲಿ ಐದು ರೂಪಾಯಿ ಕಡಿಮೆ ಮಾಡಿದೆ. ಕೂಪನ್ನಿನಲ್ಲಿ ಕಾರಣ ಬರೆಯಲು ನಾಚಿಕೆಯಾಯಿತು.

ಬಡವನಿಗೆ ಸಾಲ ಸಿಗಬಾರದೆಂದು ನಾನು ಹೇಳುವವನಲ್ಲ. 1928ರಲ್ಲೇ ಉಡುಪಿಯಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಕೂಡಿಸಿ ಬ್ಯಾಂಕು ಬೆಳೆಸಿದ ಸೀಮೆಯವರು ನಾವು. ಅಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. 1980ರ ದಶಕದ ಸಾಲಮೇಳಗಳಲ್ಲಿ ಈ ಕ್ರಮ ತಲೆಕೆಳಗಾಯಿತು: ಶಾಮಿಯಾನ, ಹಾರ, ಭಾಷಣ, ಮಂತ್ರಿಗಳ ಕೈಯಿಂದ ಸಾಲ; ಮ್ಯಾನೇಜರು ಮೂಲೆಯಲ್ಲಿ. 1990ರಲ್ಲಿ ಮತ್ತು 2008ರಲ್ಲಿ ಕೇಂದ್ರವೇ ಕೃಷಿ ಸಾಲ ಮನ್ನಾ ಮಾಡಿತು. ಅಡಿಕೆ ಮಾರಿ ಕಂತು ತಪ್ಪದೆ ಕಟ್ಟಿದ್ದ ನನ್ನ ಅಣ್ಣ, ‘ನಾನೇ ದಡ್ಡನಾದೆ’ ಎಂದು ಕಾಗದ ಬರೆದ. ಉತ್ತರ ಹೊಳೆಯಲಿಲ್ಲ.

ಇವೆಲ್ಲ ಹಳೆಯ ಕಥೆ ಎನ್ನುವವರು 2016ರ ನವೆಂಬರನ್ನು ನೆನೆಯಲಿ. ಸರ್ಕಾರ 7ನೇ ತಾರೀಕು ಪತ್ರ ಬರೆಯಿತು. ರಿಸರ್ವ್ ಬ್ಯಾಂಕಿನ ಮಂಡಲಿ 8ರ ಸಂಜೆ ಸೇರಿ ‘ಶಿಫಾರಸು’ ಮಾಡಿತು. ರಾತ್ರಿಯೇ 500, 1000ದ ನೋಟು ರದ್ದು. 15.41 ಲಕ್ಷ ಕೋಟಿ ರೂಪಾಯಿಯ ನೋಟುಗಳಲ್ಲಿ 15.31 ಲಕ್ಷ ಕೋಟಿ ಬ್ಯಾಂಕಿಗೆ ಮರಳಿದವು. ಹಾಗಾದರೆ ನಮ್ಮ ಮುದುಕರನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದು ಏತಕ್ಕೆ? 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಕ್ರಮ ಸರಿಯೆಂದರು. ಬ್ಯಾಂಕು ಸ್ವತಂತ್ರವಾಗಿ ವಿಚಾರ ಮಾಡಲಿಲ್ಲ, ಇದು ಸಂಸತ್ತಿನ ಕಾನೂನಿನ ಮೂಲಕ ಆಗಬೇಕಿತ್ತು ಎಂದು ಭಿನ್ನವಾಗಿ ಬರೆದವರು ಐದನೆಯವರು, ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ.

ಸಮಿತಿಗೆ ನನ್ನದೊಂದು ಸೂಚನೆ. ಬರುವ ವಾರ್ಷಿಕ ವರದಿಯಲ್ಲಿ ನಿಧಿಯ ಮೊತ್ತದ ಪಕ್ಕದಲ್ಲಿ, ಅದರ ಬಡ್ಡಿಯಿಂದ ಎಷ್ಟು ಮಕ್ಕಳಿಗೆ ಪುಸ್ತಕ ಬಂತೆಂಬುದನ್ನೂ ಅಚ್ಚು ಹಾಕಿಸಿ, ಇಪ್ಪತ್ತೈದು ವರ್ಷದ್ದನ್ನೂ. ನಾಲ್ಕನೆಯ ಹುಡುಗಿಯ ಪುಸ್ತಕದ ಪಟ್ಟಿ ನನ್ನ ಬಳಿ ಇದೆ. ಶಾಲೆ ಜೂನಿನಲ್ಲಿ ತೆರೆಯುತ್ತದೆ.