ಮಾಫಿ ಸಾಕ್ಷಿಯ ಮಾತಿಗೆ ಎಷ್ಟು ಬೆಲೆ?

ನಾನು ಮೇಷ್ಟರಾದ ಹೊಸತರಲ್ಲಿ ನಡೆದ ಸಂಗತಿ. ಒಂದು ಸಂಜೆ ಪ್ರಯೋಗಾಲಯದ ಗಾಜಿನ ಜಾಡಿಗಳು ಒಡೆದುಹೋಗಿದ್ದವು. ಮರುದಿನ ತರಗತಿಯಲ್ಲಿ, "ನಿಜ ಹೇಳಿದವನಿಗೆ ಶಿಕ್ಷೆಯಿಲ್ಲ" ಎಂದು ಘೋಷಿಸಿದೆ. ಒಬ್ಬ ಹುಡುಗ ತಾನೂ ಜೊತೆಯಲ್ಲಿದ್ದೆನೆಂದು ಒಪ್ಪಿಕೊಂಡು, ಒಡೆದವನೆಂದು ಇನ್ನೊಬ್ಬನ ಹೆಸರು ಹೇಳಿದ. ಹೇಳಿದವನನ್ನು ಬಿಟ್ಟೆ, ಹೆಸರು ಬಂದವನಿಗೆ ಬೆತ್ತದಿಂದ ಹೊಡೆದೆ. "ನಾನು ಊರಿನಲ್ಲೇ ಇರಲಿಲ್ಲ ಸಾರ್" ಎಂದು ಅವನು ಅತ್ತದ್ದನ್ನು ನಾಟಕವೆಂದು ಬಗೆದೆ. ವಾರದ ಬಳಿಕ ಮೇಜಿನ ಖಾನೆ ತೆರೆದಾಗ ಅವನ ರಜಾ ಅರ್ಜಿ ಸಿಕ್ಕಿತು. ಅವನು ಹಿಂದಿನ ಮಧ್ಯಾಹ್ನವೇ ರಜೆ ಪಡೆದು ಅಜ್ಜಿಯ ಊರಿಗೆ ಹೋಗಿದ್ದ.

ಪತ್ರಿಕೆಗಳಲ್ಲಿ 'ಆರೋಪಿ ಮಾಫಿ ಸಾಕ್ಷಿಯಾದ' ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಆ ಅರ್ಜಿಯ ನೆನಪಾಗುತ್ತದೆ.

ನಮ್ಮ ಕಾನೂನಿನಲ್ಲಿ ಇಂಥ ಒಪ್ಪಂದಗಳು ಎರಡು ಬಗೆ. ಒಂದು, 2006ರಲ್ಲಿ ಜಾರಿಗೆ ಬಂದ ಪ್ಲೀ ಬಾರ್ಗೇನಿಂಗ್. ಏಳು ವರ್ಷದವರೆಗಿನ ಶಿಕ್ಷೆಯ ಕೆಲವು ಅಪರಾಧಗಳಲ್ಲಿ ಆರೋಪಿಯು ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆ ಪಡೆಯಬಹುದು. ಅಲ್ಲಿ ಅವನು ಪಣಕ್ಕಿಡುವುದು ತನ್ನ ಸ್ವಾತಂತ್ರ್ಯವನ್ನು ಮಾತ್ರ. ಮಾಫಿ ಸಾಕ್ಷಿಯಾದರೋ ತನ್ನ ಬಿಡುಗಡೆಗೆ ಇತರರ ಸ್ವಾತಂತ್ರ್ಯವನ್ನು ಬೆಲೆಯಾಗಿ ತೆರುತ್ತಾನೆ. ಸಂಪೂರ್ಣ ಸತ್ಯ ಹೇಳಬೇಕೆಂಬುದೇ ಕ್ಷಮೆಯ ಷರತ್ತು. ಮುಚ್ಚಿಟ್ಟರೆ ಅವನನ್ನೂ ವಿಚಾರಣೆಗೆ ಗುರಿಪಡಿಸಬಹುದು. ಆದರೂ ಆಮಿಷ ಆಮಿಷವೇ.

ಹಾಗೆಂದು ಈ ಪದ್ಧತಿಯೇ ಬೇಡವೆನ್ನಲಾರೆ. ಗುಟ್ಟಾಗಿ ನಡೆದ ಸಂಚನ್ನು ಒಳಗಿದ್ದವನಲ್ಲದೆ ಮತ್ತಾರು ಹೇಳಬಲ್ಲರು? ಗಾಂಧೀಜಿಯವರ ಹತ್ಯೆಯ ಮೊಕದ್ದಮೆಯಲ್ಲಿ ಪುಣೆಯ ಶಸ್ತ್ರಾಸ್ತ್ರ ವ್ಯಾಪಾರಿ ದಿಗಂಬರ ಬಡ್ಗೆ ಮಾಫಿ ಸಾಕ್ಷಿಯಾದನು. ಕೆಂಪುಕೋಟೆಯಲ್ಲಿ ವಿಚಾರಣೆ ನಡೆಸಿದ ನ್ಯಾಯಾಧೀಶ ಆತ್ಮಾಚರಣರು ಅವನನ್ನು ನಂಬಲರ್ಹನೆಂದೇ ಪರಿಗಣಿಸಿದರು. ಆದರೂ ಸಾವರ್ಕರರ ವಿಷಯದಲ್ಲಿ ಅವನ ಮಾತಿಗೆ ಸಾಕಷ್ಟು ಸ್ವತಂತ್ರ ಪುರಾವೆಯಿಲ್ಲವೆಂದು 1949ರ ಫೆಬ್ರವರಿ 10ರಂದು ಅವರನ್ನು ಖುಲಾಸೆ ಮಾಡಿದರು. ಆ ಬಿಡುಗಡೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ದೇಶವೇ ಕುದಿಯುತ್ತಿದ್ದ ಕಾಲದಲ್ಲಿಯೂ ಆ ನಿಯಮವನ್ನು ಸಡಿಲಿಸಲಿಲ್ಲವೆಂಬುದು ಗಮನಾರ್ಹ.

1872ರ ಸಾಕ್ಷ್ಯ ಕಾಯಿದೆಯು ಪುಷ್ಟಿಯಿಲ್ಲದ ಸಹಾಪರಾಧಿಯ ಸಾಕ್ಷ್ಯದ ಮೇಲೂ ಶಿಕ್ಷೆ ವಿಧಿಸಲು ಅವಕಾಶವಿಟ್ಟು, ಎಚ್ಚರಿಕೆಯ ಮಾತನ್ನು ಬೇರೆಡೆ ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾಯಿದೆ, ಪುಷ್ಟಿ ದೊರೆತ ಸಾಕ್ಷ್ಯವೆಂದೇ ನಮೂದಿಸಿದೆ. ಇದು ಸ್ವಾಗತಾರ್ಹ. ಆದರೆ ತೀರ್ಪು ಬರುವವರೆಗೆ ಜೈಲಿನಲ್ಲಿ ಕಳೆಯುವ ವರ್ಷಗಳ ಗತಿಯೇನು? ಜಾಮೀನು ನಿರಾಕರಿಸುವ ಮುನ್ನವೂ ಮಾಫಿ ಸಾಕ್ಷಿಯ ಹೇಳಿಕೆಗೆ ಬೇರೆ ಆಧಾರವೇನಿದೆಯೆಂದು ಕೇಳಬೇಕೆಂಬುದು ನನ್ನ ಅಭಿಮತ. ಅಂಥ ಹೇಳಿಕೆಯಿಂದ ತನಿಖೆ ಆರಂಭವಾಗಲಿ, ಅಲ್ಲಿಗೇ ಮುಗಿಯದಿರಲಿ.

ಅಂದು ನಾನು ಆ ಹುಡುಗನ ಕ್ಷಮೆ ಕೇಳಲಿಲ್ಲ. ಮೇಷ್ಟರ ಗತ್ತು ಅಡ್ಡಬಂತು. ನೀನು ಇದನ್ನು ಓದುತ್ತಿದ್ದರೆ, ಮಗೂ, ಈಗ ಕೇಳುತ್ತಿದ್ದೇನೆ.