10 ಮಂದಿಯ ಎದುರೂ ಡ್ರಾ: ಹೈದರಾಬಾದ್‌ನಲ್ಲಿ ಬಿಎಫ್‌ಸಿ ಕೈಬಿಟ್ಟ ಆ 2 ಅಂಕ ಈಗೇಕೆ ನೆನಪಾಗಬೇಕು?

ಎದುರಾಳಿ ತಂಡದ ಆಟಗಾರನಿಗೆ ರೆಡ್ ಕಾರ್ಡ್ ಬಿತ್ತೆಂದರೆ ಪಂದ್ಯ ಅರ್ಧ ಗೆದ್ದಂತೆ ಎಂದು ನಂಬುವವರೇ ಹೆಚ್ಚು. ಬೆಂಗಳೂರು ಎಫ್‌ಸಿ ಅಭಿಮಾನಿಗಳು ಮಾತ್ರ ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅದಕ್ಕೆ ಕಾರಣ 2019ರ ನವೆಂಬರ್ 29ರ ರಾತ್ರಿ ಹೈದರಾಬಾದ್‌ನ ಗಚ್ಚಿಬೌಲಿಯಲ್ಲಿ ನಡೆದ ಪಂದ್ಯ.

ಅಂದು ಜಿ.ಎಂ.ಸಿ. ಬಾಲಯೋಗಿ ಕ್ರೀಡಾಂಗಣಕ್ಕೆ ಬಿಎಫ್‌ಸಿ ಬಂದಿದ್ದು ಹಾಲಿ ಚಾಂಪಿಯನ್ ಆಗಿ. ಎದುರಿಗಿದ್ದದ್ದು ಅದೇ ವರ್ಷ ಹುಟ್ಟಿದ್ದ ಹೈದರಾಬಾದ್ ಎಫ್‌ಸಿ. ಐಎಸ್‌ಎಲ್‌ನ ತನ್ನ ಮೊದಲ ಪಂದ್ಯದಲ್ಲೇ ಎಟಿಕೆ ವಿರುದ್ಧ 0-5ರಿಂದ ಸೋತಿದ್ದ ತಂಡ ಅದು. ಎರಡನೇ ನಿಮಿಷದಲ್ಲೇ ಸುನಿಲ್ ಛೆಟ್ರಿ ಗೋಲು ಹೊಡೆದರು. ದ್ವಿತೀಯಾರ್ಧದಲ್ಲಿ ಹೈದರಾಬಾದ್‌ನ ಸಾಹಿಲ್ ಪನ್ವಾರ್ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದರು. ಸ್ಕೋರು 1-0, ಎದುರಿಗೆ 10 ಮಂದಿ. ಇನ್ನೇನು ಬೇಕು?

ಆದರೆ ಹೆಚ್ಚುವರಿ ಸಮಯದಲ್ಲಿ ರಾಬಿನ್ ಸಿಂಗ್ ಗೋಲು ಹೊಡೆದು ಪಂದ್ಯವನ್ನು 1-1ಕ್ಕೆ ತಂದು ನಿಲ್ಲಿಸಿದರು. ಇದೇ ರಾಬಿನ್ ಸಿಂಗ್ ಹಿಂದೆ ಬೆಂಗಳೂರಿನ ನೀಲಿ ಜೆರ್ಸಿ ತೊಟ್ಟು, 2013-14ರಲ್ಲಿ ಐ-ಲೀಗ್ ಗೆದ್ದ ತಂಡದಲ್ಲಿದ್ದವರು. ಗಾಯದ ಮೇಲೆ ಉಪ್ಪು ಸವರಿದಂತಾಯಿತು.

ರೆಡ್ ಕಾರ್ಡ್ ಯಾರಿಗೆ ಲಾಭ?

ಇಂಥ ಡ್ರಾ ಆದಾಗಲೆಲ್ಲ ಅಭಿಮಾನಿಗಳ ಚರ್ಚೆ ಎರಡು ಹೋಳಾಗುತ್ತದೆ. 'ತವರಿನಾಚೆ 1 ಅಂಕ ಸಿಕ್ಕಿತಲ್ಲ, ಸಾಕು' ಎನ್ನುವವರು ಒಂದು ಕಡೆ. '2 ಅಂಕ ಕೈಯಾರೆ ಕೊಟ್ಟು ಬಂದೆವು' ಎನ್ನುವವರು ಇನ್ನೊಂದು ಕಡೆ. ಎರಡೂ ಗುಂಪಿನವರು ದೂರುವುದು ಕೊನೆಯ ನಿಮಿಷವನ್ನೇ. ನಿಜವಾಗಿ ನೋಡಬೇಕಾದದ್ದು ರೆಡ್ ಕಾರ್ಡ್ ಬಿದ್ದ ನಂತರದ ಅಷ್ಟೂ ಹೊತ್ತನ್ನು.

ಒಬ್ಬ ಆಟಗಾರ ಕಡಿಮೆಯಾದ ತಂಡಕ್ಕೆ ಏನು ಮಾಡಬೇಕೆಂಬ ಗೊಂದಲ ಇರುವುದಿಲ್ಲ. ತನ್ನ ಗೋಲಿನ ಮುಂದೆ ಎರಡು ಸಾಲು ಕಟ್ಟಿಕೊಂಡು ನಿಲ್ಲುತ್ತದೆ, ಸಿಕ್ಕ ಫ್ರೀ ಕಿಕ್ಕು, ಕಾರ್ನರ್‌ಗಳಿಗೆ ಕಾಯುತ್ತದೆ. ಕಳೆದುಕೊಳ್ಳಲು ಅದರ ಬಳಿ ಹೆಚ್ಚೇನೂ ಉಳಿದಿರುವುದಿಲ್ಲ. ಗೊಂದಲಕ್ಕೆ ಬೀಳುವುದು 11 ಮಂದಿಯ ತಂಡ. ಎರಡನೇ ಗೋಲಿಗೆ ನುಗ್ಗಬೇಕೋ, ಚೆಂಡು ಹಿಡಿದಿಟ್ಟುಕೊಂಡು ಹೊತ್ತು ಕಳೆಯಬೇಕೋ? ಒಂದೇ ಗೋಲಿನ ಮುನ್ನಡೆ ಇದ್ದಾಗ ಎರಡನೆಯದೇ ಸುರಕ್ಷಿತ ದಾರಿಯಂತೆ ಕಾಣುತ್ತದೆ. ಆದರೆ 1-0 ಇರುವಷ್ಟು ಹೊತ್ತೂ ಒಂದು ತಪ್ಪು, ಒಂದು ಹೆಡರ್ ಸಾಕು.

ಅಂಕಪಟ್ಟಿ ಹೇಳುವ ಕಥೆ

ಕಾರ್ಲೆಸ್ ಕ್ವಾಡ್ರಾಟ್ ಕೋಚ್ ಆಗಿದ್ದ ಆ ಋತುವಿನಲ್ಲಿ ಬಿಎಫ್‌ಸಿ 18 ಪಂದ್ಯಗಳಲ್ಲಿ ಬಿಟ್ಟುಕೊಟ್ಟಿದ್ದು ಬರೀ 13 ಗೋಲು. ರಕ್ಷಣೆ ಗಟ್ಟಿಯಾಗಿಯೇ ಇತ್ತು. ಆದರೆ ಹೊಡೆದದ್ದೂ 22 ಮಾತ್ರ. ಒಂದೇ ಗೋಲನ್ನು ಕಾಪಾಡಿಕೊಂಡು ಗೆಲ್ಲುವ ತಂಡಕ್ಕೆ ಕೊನೆಯ ನಿಮಿಷದ ಗೋಲು ಯಾವತ್ತೂ ದುಬಾರಿ. ಅಕ್ಟೋಬರ್‌ನಲ್ಲಿ ಗೋವಾ ನೆಲದಲ್ಲೂ ಇದೇ ಆಗಿತ್ತು. ಉದಾಂತ ಸಿಂಗ್ ಗೋಲಿನಿಂದ ಮುಂದಿದ್ದ ಬಿಎಫ್‌ಸಿಯನ್ನು ಕೊರೊಮಿನಾಸ್ ಕೊನೆಗಳಿಗೆಯ ಪೆನಾಲ್ಟಿಯಿಂದ 1-1ಕ್ಕೆ ಕಟ್ಟಿಹಾಕಿದ್ದರು.

ಲೆಕ್ಕ ಹಾಕಿ. 8 ಗೆಲುವು, 6 ಡ್ರಾ, 4 ಸೋಲು. ಒಟ್ಟು 30 ಅಂಕ, ಮೂರನೇ ಸ್ಥಾನ. ಹೈದರಾಬಾದ್‌ನ 2 ಅಂಕ ಮಾತ್ರ ಸೇರಿಸಿದರೆ 32 ಆಗುತ್ತಿತ್ತು, ಸ್ಥಾನ ಬದಲಾಗುತ್ತಿರಲಿಲ್ಲ. ಗೋವಾದ 2 ಅಂಕವನ್ನೂ ಸೇರಿಸಿದರೆ 34, ಅಂದರೆ ಎರಡನೇ ಸ್ಥಾನದಲ್ಲಿದ್ದ ಎಟಿಕೆಯಷ್ಟೇ. ಆಗ ಎರಡನೇ ಸ್ಥಾನದ ಪೈಪೋಟಿ ಜೀವಂತವಾಗಿರುತ್ತಿತ್ತು. ಅದರ ಬೆಲೆ ಗೊತ್ತಾಗಿದ್ದು ಸೆಮಿಫೈನಲ್‌ನಲ್ಲಿ. ಕಂಠೀರವದಲ್ಲಿ 1-0ರಿಂದ ಗೆದ್ದ ಬಿಎಫ್‌ಸಿ, ಎರಡನೇ ಹಂತದ ಪಂದ್ಯ ಆಡಬೇಕಾಗಿದ್ದು ಕೋಲ್ಕತ್ತದಲ್ಲಿ. ಅಲ್ಲಿ 1-3ರಿಂದ ಸೋತು ಹೊರಬಿತ್ತು. ಇತ್ತ ಹೈದರಾಬಾದ್ ಎರಡೇ ಗೆಲುವಿನೊಂದಿಗೆ 10 ಅಂಕ ಪಡೆದು ಕೊನೆಯ ಸ್ಥಾನಕ್ಕೆ ಇಳಿದಿತ್ತು. ಬಿಎಫ್‌ಸಿ ಅಂಕ ಬಿಟ್ಟುಕೊಟ್ಟದ್ದು ಇಂಥ ತಂಡಕ್ಕೆ.

ಈಗೇಕೆ ಈ ಮಾತು?

ಒಂದನೆಯದು, ಲೀಗ್ ಈಗ ಚಿಕ್ಕದಾಗಿದೆ. ತಿಂಗಳುಗಟ್ಟಲೆ ಅನಿಶ್ಚಿತವಾಗಿದ್ದ 2025-26ರ ಐಎಸ್‌ಎಲ್ ಅನ್ನು ಫೆಬ್ರವರಿ 14ರಿಂದ ನಡೆಸುವುದಾಗಿ ಕೇಂದ್ರ ಕ್ರೀಡಾ ಸಚಿವರು 2026ರ ಜನವರಿಯಲ್ಲಿ ಪ್ರಕಟಿಸಿದರು. 14 ತಂಡ, 91 ಪಂದ್ಯ. ಅಂದರೆ ಒಂದು ತಂಡಕ್ಕೆ 13 ಪಂದ್ಯ ಮಾತ್ರ. 18 ಪಂದ್ಯಗಳಲ್ಲಿ 6 ಡ್ರಾ ಮಾಡಿಕೊಂಡರೂ ಮೂರನೇ ಸ್ಥಾನ ಉಳಿಯಿತು. 13 ಪಂದ್ಯಗಳಲ್ಲಿ ತಪ್ಪು ತಿದ್ದಿಕೊಳ್ಳಲು ಅಷ್ಟು ಅವಕಾಶ ಇರುವುದಿಲ್ಲ.

ಎರಡನೆಯದು ಇನ್ನೂ ಕಹಿ. ಆ ಹೈದರಾಬಾದ್ ಎಫ್‌ಸಿ ಈಗ ಹೈದರಾಬಾದ್‌ನಲ್ಲೇ ಇಲ್ಲ. ಕೊನೆಯ ಸ್ಥಾನದಿಂದ ಎದ್ದು 2022ರ ಮಾರ್ಚ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದು ಚಾಂಪಿಯನ್ ಆದ ತಂಡ ಅದು. ನಂತರ ಹಣದ ಮುಗ್ಗಟ್ಟಿಗೆ ಸಿಲುಕಿತು, ಮಾಲೀಕತ್ವ ಬದಲಾಯಿತು, 2025ರಲ್ಲಿ ಸ್ಪೋರ್ಟಿಂಗ್ ಕ್ಲಬ್ ದೆಹಲಿ ಎಂಬ ಹೆಸರಿನಲ್ಲಿ ರಾಜಧಾನಿಗೆ ಸ್ಥಳಾಂತರಗೊಂಡಿತು. 1962ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟ ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರ ಊರಿಗೆ ಐಎಸ್‌ಎಲ್‌ನಲ್ಲಿ ಈಗ ತಂಡವಿಲ್ಲ.

ಬೆಂಗಳೂರಿನ ಅಭಿಮಾನಿಗೆ ಹೈದರಾಬಾದ್ ಹತ್ತಿರದ ಊರು. ರಾತ್ರಿ ಬಸ್ಸೋ ರೈಲೋ ಹತ್ತಿದರೆ ಬೆಳಗ್ಗೆ ತಲುಪಬಹುದು, ಪಂದ್ಯ ನೋಡಿ ಬೈದುಕೊಂಡೇ ವಾಪಸ್ ಬರಬಹುದು. ದೆಹಲಿಗೆ ಹಾಗೆ ಹೋಗಿ ಬರಲಾಗದು. ಡ್ರಾ ಆದ ಪಂದ್ಯದ ಬಗ್ಗೆ ಸಿಟ್ಟು ಮಾಡಿಕೊಳ್ಳುವುದು ಅಭಿಮಾನಿಯ ಹಕ್ಕು. ಆದರೆ ಸಿಟ್ಟಾಗುವುದಕ್ಕೂ ಎದುರಿಗೊಂದು ತಂಡ, ಆಡಲೊಂದು ಲೀಗ್ ಇರಬೇಕು. ಕೈಬಿಟ್ಟ 2 ಅಂಕವನ್ನು ಮುಂದಿನ ಪಂದ್ಯದಲ್ಲಿ ಗಳಿಸಬಹುದು. ಕ್ಲಬ್ಬನ್ನೇ ಕಳೆದುಕೊಂಡ ಊರಿಗೆ ಆ ಮುಂದಿನ ಪಂದ್ಯವೇ ಇಲ್ಲ.