ಪಾಸ್ ಕೊಟ್ರಿ, ಬಸ್ ಎಲ್ರೀ?

ಪ್ರತಿ ವರ್ಷ ಜೂನ್-ಜುಲೈನಲ್ಲಿ ನಮ್ಮ ಕಡೆಯ ಪೇಪರಿನ ಜಿಲ್ಲಾ ಪುಟದಲ್ಲಿ ಒಂದು ಫೋಟೋ ಬರುತ್ತೆ. ಯೂನಿಫಾರ್ಮ್ ಹಾಕಿಕೊಂಡ ಹುಡುಗರು-ಹುಡುಗಿಯರು ರಸ್ತೆ ಮಧ್ಯೆ ಕೂತಿರ್ತಾರೆ, ಹಿಂದೆ ಒಂದು ಬಸ್ಸು ನಿಂತಿರುತ್ತೆ. ಕೆಳಗೆ ‘ಬಸ್ ಸೌಲಭ್ಯಕ್ಕೆ ಆಗ್ರಹಿಸಿ ವಿದ್ಯಾರ್ಥಿಗಳಿಂದ ರಸ್ತೆ ತಡೆ’ ಅಂತ ಎರಡು ಸಾಲು. ಊರಿನ ಹೆಸರು ಮಾತ್ರ ಬದಲಾಗುತ್ತೆ. ಒಂದು ವರ್ಷ ಮುಂಡರಗಿ ಕಡೆ, ಇನ್ನೊಂದು ವರ್ಷ ಶಿರಹಟ್ಟಿ ಕಡೆ. ಅಧಿಕಾರಿಗಳು ಬಂದು ‘ಭರವಸೆ’ ಕೊಡ್ತಾರೆ, ಮಕ್ಕಳು ಎದ್ದು ಹೋಗ್ತಾರೆ. ನಾವು ಪುಟ ತಿರುಗಿಸ್ತೀವಿ.

ಈ ಮಕ್ಕಳು ಕೇಳ್ತಿರೋದು ಪುಕ್ಕಟೆ ಪ್ರಯಾಣ ಅಲ್ಲ. ಅದನ್ನ ಸರ್ಕಾರ ಎಂದೋ ಕೊಟ್ಟಿದೆ. ಏಳನೇ ತರಗತಿವರೆಗೆ ಪಾಸು ಉಚಿತ, ಅರ್ಜಿ ಶುಲ್ಕ ಅಷ್ಟೇ. ಹೈಸ್ಕೂಲ್ ಹುಡುಗರಿಗೆ 2023-24ರಲ್ಲಿ ಹತ್ತು ತಿಂಗಳಿಗೆ 750 ರೂಪಾಯಿ, ಪಿಯುಸಿಯವರಿಗೆ 1050. ಹುಡುಗಿಯರಿಗಂತೂ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಪಾಸೇ ಬೇಡ. ಇಷ್ಟೆಲ್ಲ ಆದ ಮೇಲೂ ಮಕ್ಕಳು ರಸ್ತೆ ಮೇಲೆ ಕೂರ್ತಾರೆ ಅಂದ್ರೆ ಏನರ್ಥ? ಊಟದ ಚೀಟಿ ಕೊಟ್ಟಿದ್ದೀವಿ, ಅಡುಗೆ ಮಾಡೋರು ಇಲ್ಲ, ಅಷ್ಟೇ.

ಗದಗ ಜಿಲ್ಲೆ ನೋಡದೇ ಇರೋರಿಗೆ ಸ್ವಲ್ಪ ಭೂಗೋಳ ಹೇಳಿಬಿಡ್ತೀನಿ. 1997ರಲ್ಲಿ ಧಾರವಾಡದಿಂದ ಬೇರೆಯಾದ ಜಿಲ್ಲೆ. ಗದಗ-ಬೆಟಗೇರಿ ಅವಳಿ ಊರು ನಡುವೆ, ಅದಕ್ಕೆ ರೈಲು ಉಂಟು, ಹೆದ್ದಾರಿ ಉಂಟು. ತೆಂಕಣಕ್ಕೆ ಇಳಿದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಈ ಮೂರಕ್ಕೂ ರೈಲು ಇಲ್ಲ. (ಗದಗ-ಯಲವಿಗಿ ಮಾರ್ಗದ ಬೇಡಿಕೆ ನನಗಿಂತ ಹಳೇದು!) ನಡುವೆ ಕಪ್ಪತಗುಡ್ಡ ಅಡ್ಡ ಮಲಗಿದೆ. ಗುಡ್ಡದ ಸೆರಗಿನಲ್ಲಿ ಡೋಣಿ, ಕಡಕೋಳದಂಥ ಊರುಗಳು, ಆ ತುದಿಗೆ ತುಂಗಭದ್ರೆ ದಂಡೆಯ ಹಳ್ಳಿಗಳು. ಹತ್ತನೇ ತರಗತಿ ಮುಗಿಸಿದ ಹುಡುಗಿ ಪಿಯುಸಿ ವಿಜ್ಞಾನ ಓದಬೇಕು ಅಂದ್ರೆ ತಾಲ್ಲೂಕು ಊರಿಗೋ ಗದಗಿಗೋ ಬರಬೇಕು. ಬರೋದಕ್ಕೆ ಇರೋದು ವಾಯವ್ಯ ಸಾರಿಗೆಯ ಬಸ್ಸು. ಅದಿಲ್ಲ ಅಂದ್ರೆ ಟಂಟಂ.

ಬಸ್ಸೇ ಇಲ್ವಾ? ಇದೆ. ಇಲ್ಲೇ ಇರೋದು ಕಥೆ. ಬಸ್ಸು ರಾತ್ರಿ ಮಲಗೋದು ಊರಲ್ಲಿ, ಅಂದ್ರೆ ಡಿಪೋದಲ್ಲಿ. ಬೆಳಿಗ್ಗೆ ಅದು ಪೇಟೆಯಿಂದ ಹಳ್ಳಿಗೆ ಹೊರಡುತ್ತೆ. ಮಕ್ಕಳಿಗೆ ಬೇಕಾಗಿರೋದು ಅದೇ ಹೊತ್ತಿಗೆ ಹಳ್ಳಿಯಿಂದ ಪೇಟೆಗೆ. ಹಳ್ಳಿಯಲ್ಲೇ ರಾತ್ರಿ ಉಳಿಯುವ ವಸ್ತಿ ಗಾಡಿ ಒಂದಿದ್ರೆ ಅದು ಸಂತೆಗೆ, ಆಸ್ಪತ್ರೆಗೆ, ಹುಬ್ಬಳ್ಳಿ ಸೇರಬೇಕಾದವರಿಗೆ ಅಂತ ಕೋಳಿ ಕೂಗೋ ಹೊತ್ತಿಗೇ ಬಿಟ್ಟುಬಿಡುತ್ತೆ. ಆಮೇಲೆ ಬರೋ ಗಾಡಿ ಊರು ಮುಟ್ಟೋದರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತೆ. ಸಂಜೆಗೂ ಇದೇ ತಲೆಕೆಳಗು. ಹೆದ್ದಾರಿ ಮೇಲೆ ವೇಗದೂತಗಳು ಹೋಗ್ತಾನೇ ಇರ್ತವೆ, ಆದ್ರೆ ಅವಕ್ಕೆ ಮಕ್ಕಳು ಕೈ ಮಾಡೋ ಜಾಗ ನಿಲುಗಡೆ ಅಲ್ಲ. ಒಟ್ಟು ಎಷ್ಟು ಬಸ್ಸಿದೆ ಅನ್ನೋ ಲೆಕ್ಕ ತೋರಿಸಿದ್ರೆ ಇದು ಕಾಣಲ್ಲ. ಗಡಿಯಾರ ಇಟ್ಟುಕೊಂಡು ನೋಡಬೇಕು.

ಡ್ರೈವರ್-ಕಂಡಕ್ಟರ್ ಮೇಲೆ ಸಿಟ್ಟು ಮಾಡೋರು ಬಹಳ ಜನ. ನನಗೆ ಅವರ ಮೇಲೆ ಸಿಟ್ಟಿಲ್ಲ. ಐವತ್ತು ಸೀಟಿನ ಗಾಡೀಲಿ ನೂರು ಜನ ತುಂಬಿದ ಮೇಲೆ ಮುಂದಿನ ಸ್ಟಾಪಿನಲ್ಲಿ ಮೂವತ್ತು ಮಕ್ಕಳು ಕೈ ತೋರಿಸಿದ್ರೆ ಆತ ಏನು ಮಾಡಬೇಕು? ನಿಲ್ಲಿಸಿದ್ರೆ ಮಕ್ಕಳು ಬಾಗಿಲಲ್ಲಿ ಜೋತು ಬೀಳ್ತಾರೆ, ಬಿದ್ದರೆ ಕೇಸು ಅವನ ಮೇಲೆ. ನಿಲ್ಲಿಸದಿದ್ರೆ ರಸ್ತೆ ತಡೆ. ಡಿಪೋದಲ್ಲಿ ಅವನನ್ನ ಕೇಳೋ ಮೊದಲ ಪ್ರಶ್ನೆ ಕಲೆಕ್ಷನ್ ಎಷ್ಟು ಅಂತ. ಪಾಸಿನ ಹುಡುಗ ಆ ಕಲೆಕ್ಷನ್ ಚೀಲಕ್ಕೆ ಒಂದು ರೂಪಾಯಿಯನ್ನೂ ಹಾಕಲ್ಲ. ಪಾಸಿನ ರಿಯಾಯಿತಿಯಲ್ಲಿ ಸರ್ಕಾರ ತುಂಬಿಕೊಡೋದು ಒಂದು ಭಾಗ, ಉಳಿದದ್ದು ಸಂಸ್ಥೆಯ ತಲೆ ಮೇಲೆ. ಹೀಗಿರೋವಾಗ ಲೆಕ್ಕದ ಪುಸ್ತಕದಲ್ಲಿ ವಿದ್ಯಾರ್ಥಿ ಅಂದ್ರೆ ಪ್ರಯಾಣಿಕ ಅಲ್ಲ, ಭಾರ. ಭಾರವನ್ನ ಹೊರೋದಕ್ಕೆ ಯಾರು ಹೆಚ್ಚಿನ ಟ್ರಿಪ್ ಬಿಡ್ತಾರೆ ಹೇಳಿ?

‘ಎಲ್ಲಾ ಶಕ್ತಿ ಯೋಜನೆಯಿಂದ ಆಗಿದ್ದು, ಹೆಂಗಸರು ಸುಮ್ಸುಮ್ನೆ ತಿರುಗ್ತಾರೆ’ ಅಂತ ಕಟ್ಟೆ ಮೇಲೆ ಕೂತು ಹೇಳೋ ಗಂಡಸರ ಮಾತು ನನಗೆ ಒಪ್ಪಿಗೆ ಇಲ್ಲ. ರಸ್ತೆ ತಡೆಯ ಆ ಫೋಟೋ 2023ಕ್ಕಿಂತ ಮುಂಚೆಯೂ ಬರ್ತಿತ್ತು. ಅಮ್ಮಂದಿರು ಬಸ್ ಹತ್ತಿದ್ದು ತಪ್ಪಲ್ಲ, ಅವರು ಹತ್ತಿದ ಮೇಲೂ ಬೆಳಗಿನ ಟ್ರಿಪ್ ಒಂದೇ ಉಳಿದದ್ದು ತಪ್ಪು.

ಈಗ ನಿಜವಾದ ತಕರಾರಿಗೆ ಬರ್ತೀನಿ. 2023ರ ಫೆಬ್ರವರಿ ಬಜೆಟ್ಟಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ‘ಮಕ್ಕಳ ಬಸ್ಸು’ ಅಂತ ಒಂದು ಕಾರ್ಯಕ್ರಮ ಘೋಷಿಸಿದ್ರು. ತಾಲ್ಲೂಕಿಗೆ ಕನಿಷ್ಠ ಐದು ಶಾಲಾ ಬಸ್ಸು, ಒಟ್ಟು 1000 ಹೊಸ ಶೆಡ್ಯೂಲು, 100 ಕೋಟಿ ರೂಪಾಯಿ. ನೆನಪಿದೆಯಾ? ಬಹಳ ಜನಕ್ಕೆ ಇಲ್ಲ. ಮೇ ತಿಂಗಳಲ್ಲಿ ಸರ್ಕಾರ ಬದಲಾಯ್ತು. ಬಂದವರು ಐದು ಗ್ಯಾರಂಟಿ ತಂದರು, ಹೋದವರು ಗ್ಯಾರಂಟಿ ಬೈಯೋದರಲ್ಲಿ ಬಿಜಿ ಆದರು. ಮಕ್ಕಳ ಬಸ್ಸಿನ ಬಗ್ಗೆ ಇವರೂ ಮಾತಾಡಲಿಲ್ಲ, ಅವರೂ ‘ನಮ್ಮ ಬಸ್ಸು ಎಲ್ಲಿ’ ಅಂತ ಗಟ್ಟಿಯಾಗಿ ಕೇಳಲಿಲ್ಲ.

ತಮಾಷೆ ನೋಡಿ. ಘೋಷಣೆ ಮಾಡಿದ ಬೊಮ್ಮಾಯಿಯವರು 2024ರಲ್ಲಿ ಹಾವೇರಿ ಕ್ಷೇತ್ರದಿಂದ ಸಂಸದರಾದರು. ಗದಗ, ಶಿರಹಟ್ಟಿ ಎರಡೂ ಆ ಕ್ಷೇತ್ರದೊಳಗೇ ಬರ್ತವೆ. ಗದಗದ ಶಾಸಕರಾದ ಎಚ್.ಕೆ. ಪಾಟೀಲರು 2023ರ ಸರ್ಕಾರದಲ್ಲಿ ಸಚಿವರಾದರು. ಅಂದ್ರೆ ಮಾತು ಕೊಟ್ಟವರೂ ನಮ್ಮ ಕಡೆಯವರೇ, ನಡೆಸಬಲ್ಲವರೂ ನಮ್ಮ ಕಡೆಯವರೇ. ಇಬ್ಬರ ನಡುವೆ ಡೋಣಿಯ ಹುಡುಗಿ ಬಸ್ ಸ್ಟಾಪಿನಲ್ಲಿ ನಿಂತಿದ್ದಾಳೆ :(

‘ದುಡ್ಡೆಲ್ಲಿ ಸ್ವಾಮಿ’ ಅಂತೀರಾ? ಬನ್ನಿ, ಲೆಕ್ಕ ಹಾಕೋಣ. 100 ಕೋಟಿಗೆ 1000 ಶೆಡ್ಯೂಲು ಅಂದ್ರೆ ಒಂದಕ್ಕೆ ವರ್ಷಕ್ಕೆ 10 ಲಕ್ಷ. ಹೊಸ ಬಸ್ಸು ಕೊಳ್ಳೋಕೆ ಅದು ಸಾಲದು. ಆದ್ರೆ ಇರೋ ಬಸ್ಸನ್ನೇ ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಮಕ್ಕಳಿಗಂತಲೇ ಓಡಿಸಿದ್ರೆ? ಡೀಸೆಲ್ಲು, ಸಂಬಳ, ಟೈರು ಎಲ್ಲಾ ಸೇರಿ ಕಿಲೋಮೀಟರಿಗೆ 60 ರೂಪಾಯಿ ಅಂತ ಸುಮ್ಮನೆ ಅಂದಾಜಿಗೆ ಇಟ್ಟುಕೊಳ್ಳಿ. 10 ಲಕ್ಷಕ್ಕೆ 16,600 ಕಿಲೋಮೀಟರ್ ಬರುತ್ತೆ. ವರ್ಷಕ್ಕೆ 220 ಶಾಲಾ ದಿನ ಹಿಡಿದರೆ ದಿನಕ್ಕೆ 75 ಕಿಲೋಮೀಟರ್. ಗುಡ್ಡದ ಸೆರಗಿನ ನಾಲ್ಕೈದು ಹಳ್ಳಿ ಸುತ್ತಿ ಮಕ್ಕಳನ್ನ ಮುಂಡರಗಿಗೋ ಶಿರಹಟ್ಟಿಗೋ ಬಿಡೋಕೆ, ಸಂಜೆ ವಾಪಸ್ ಮುಟ್ಟಿಸೋಕೆ ಇಷ್ಟು ಸಾಕು. ತಾಲ್ಲೂಕಿಗೆ ಐದು ಅಂದ್ರೆ ಇಪ್ಪತ್ತು-ಇಪ್ಪತ್ತೈದು ಹಳ್ಳಿ. ಎಲ್ಲಾ ಸಮಸ್ಯೆ ತೀರಲ್ಲ, ಆದ್ರೆ ಶುರು ಮಾಡೋಕೆ ಇದು ಸಣ್ಣ ಸಂಖ್ಯೆಯೂ ಅಲ್ಲ. ಷರತ್ತು ಒಂದೇ. ಈ ದುಡ್ಡು ಸಾರಿಗೆ ಸಂಸ್ಥೆಯ ನಷ್ಟದ ಖಾತೆಗೆ ಹೋಗಬಾರದು. ಶಿಕ್ಷಣ ಇಲಾಖೆ ತನ್ನ ಬಜೆಟ್ಟಿನಿಂದ ಓಡಿದ ಕಿಲೋಮೀಟರಿಗೆ ಇಷ್ಟು ಅಂತ ಕೊಡಬೇಕು, ಓಡದಿದ್ರೆ ಕೊಡಬಾರದು. ಆಗ ಡಿಪೋ ಮ್ಯಾನೇಜರಿಗೆ ಮಕ್ಕಳ ಟ್ರಿಪ್ಪೇ ಗ್ಯಾರಂಟಿ ಆದಾಯ. ಖಾಸಗಿ ಶಾಲೆಗಳಿಗೆ ಬಿಎಂಟಿಸಿ ಗುತ್ತಿಗೆ ಮೇಲೆ ಬಸ್ಸು ಬಿಟ್ಟಿದ್ದೂ ಹೀಗೇ ತಾನೆ? ಕಾನ್ವೆಂಟಿಗೆ ಆಗುವ ವ್ಯವಹಾರ ಸರ್ಕಾರಿ ಹೈಸ್ಕೂಲಿಗೆ ಯಾಕಾಗಬಾರದು?

ಕಾನೂನು ಏನು ಹೇಳುತ್ತೆ ಅಂತ ಕೇಳೋರಿಗೆ: 2010ರ ಏಪ್ರಿಲ್‌ನಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ನಿಯಮಗಳಲ್ಲಿ ಹತ್ತಿರ ಶಾಲೆ ಇಲ್ಲದ ಸಣ್ಣ ಊರುಗಳ ಮಕ್ಕಳಿಗೆ ಉಚಿತ ಸಾರಿಗೆಯ ಮಾತಿದೆ. ಸಮಗ್ರ ಶಿಕ್ಷಣದಲ್ಲಿ ಒಂದು ಮಗುವಿಗೆ ವರ್ಷಕ್ಕೆ 6000 ರೂಪಾಯಿವರೆಗೆ ಸಾರಿಗೆ ಭತ್ಯೆಗೆ ಅವಕಾಶವೂ ಇದೆ. ಆದ್ರೆ ಆ ಕಾಯ್ದೆ ನಿಲ್ಲೋದು ಎಂಟನೇ ತರಗತಿಗೆ. ನಮ್ಮ ಹಳ್ಳಿ ಹುಡುಗಿಯರು ಓದು ಬಿಡೋದು ಅದರ ನಂತರವೇ. ‘ಸಂಜಿ ಗಾಡಿ ತಪ್ಪಿದ್ರ ಹುಡುಗಿ ಮನಿಗೆ ಬರೂದು ರಾತ್ರಿ ಆಗ್ತೈತ್ರಿ, ಹೆಂಗ ಕಳಸೂದು?’ ಊರಲ್ಲಿ ಯಾವ ತಾಯಿಯನ್ನ ಕೇಳಿದ್ರೂ ನನಗೆ ಸಿಕ್ಕಿದ್ದು ಇದೇ ಉತ್ತರ. ಆಮೇಲೆ ಮದುವೆ ಮಾತು ತಾನಾಗಿಯೇ ಬರುತ್ತೆ.

ದೂರ ಅನ್ನೋದು ಹುಡುಗಿಯರ ಓದಿಗೆ ಎಷ್ಟು ಅಡ್ಡ ಅಂತ ಬಿಹಾರದಲ್ಲಿ ಅಳೆದಿದ್ದಾರೆ. ಅಲ್ಲಿ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅನ್ನೋ ಅರ್ಥಶಾಸ್ತ್ರಜ್ಞರು ಅದನ್ನ ಅಧ್ಯಯನ ಮಾಡಿದಾಗ ಹೈಸ್ಕೂಲು ಸೇರೋ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿದ್ದು ಕಂಡಿತು. ಶಾಲೆ ಮೂರು ಕಿಲೋಮೀಟರಿಗಿಂತ ದೂರ ಇದ್ದ ಊರುಗಳಲ್ಲೇ ಜಾಸ್ತಿ. ನಮ್ಮಲ್ಲೂ 2006-07ರಿಂದ ಸೈಕಲ್ ಕೊಟ್ಟರು, 2020ರಲ್ಲಿ ಕೋವಿಡ್ ಜೊತೆ ಅದು ನಿಂತಿತು. ಸೈಕಲ್ ಒಳ್ಳೇದೇ. ಆದ್ರೆ ಎರೆಹೊಲದ ರಸ್ತೆಯಲ್ಲಿ ಮಳೆಗಾಲಕ್ಕೆ ಹದಿನೈದು ಕಿಲೋಮೀಟರ್ ತುಳೀರಿ ನೋಡೋಣ!

ಕನ್ನಡ ಬ್ಲಾಗಿಗರಾದ ನಮಗೆ ಇದು ಯಾಕೆ ಬೇಕು ಅಂತ ನಿಮಗೆ ಅನ್ನಿಸಿರಬಹುದು. ‘ಕನ್ನಡ ಶಾಲೆ ಉಳಿಸಿ’ ಅಂತ ನಾವೆಲ್ಲಾ ಪೋಸ್ಟು ಬರೆದಿದ್ದೀವಿ, ಇಂಗ್ಲಿಷ್ ವ್ಯಾಮೋಹ ಅಂತ ತಂದೆತಾಯಿಗಳನ್ನ ಬೈದಿದ್ದೀವಿ. ಒಂದು ಬೆಳಿಗ್ಗೆ ಯಾವುದಾದ್ರೂ ಹಳ್ಳಿಯ ಅಗಸಿ ಬಾಗಿಲಲ್ಲಿ ನಿಂತು ನೋಡಿ. ಹಳದಿ ವ್ಯಾನು ಬರುತ್ತೆ, ಮನೆ ಮುಂದೆ ಹಾರ್ನ್ ಹೊಡೆಯುತ್ತೆ, ಮಗುವನ್ನ ಹತ್ತಿಸಿಕೊಂಡು ಹೋಗುತ್ತೆ, ಸಂಜೆ ಅಲ್ಲೇ ಇಳಿಸುತ್ತೆ. ಆ ಶಾಲೆಯ ನಿಜವಾದ ಜಾಹೀರಾತು ಇಂಗ್ಲಿಷ್ ಅಲ್ಲ, ಆ ವ್ಯಾನು. ಹೊಲಕ್ಕೆ ಹೋಗೋ ತಂದೆತಾಯಿಗೆ ಅದು ದಿನಕ್ಕೆ ಎರಡು ಹೊತ್ತಿನ ನೆಮ್ಮದಿ. 1997ರಲ್ಲಿ ಸುಪ್ರೀಂ ಕೋರ್ಟು ಶಾಲಾ ಬಸ್ಸುಗಳಿಗೆ ನಿಯಮ ಹಾಕಿತು: ಹಿಂದೆ ಮುಂದೆ ‘ಶಾಲಾ ಬಸ್’ ಅಂತ ಬರಹ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ವೇಗದ ಮಿತಿ. ಸರಿಯೇ. ಆದ್ರೆ ಬಾಗಿಲಲ್ಲಿ ಜೋತಾಡುವ ಸರ್ಕಾರಿ ಶಾಲೆ ಹುಡುಗನ ಗಾಡಿಗೆ ಇದ್ಯಾವುದೂ ಇಲ್ಲ, ಯಾಕಂದ್ರೆ ಅದು ಶಾಲಾ ಬಸ್ಸೇ ಅಲ್ವಲ್ಲ! ಅಮೆರಿಕದಲ್ಲಿರೋ ಗೆಳೆಯರು ಅಲ್ಲಿನ ಹಳದಿ ಬಸ್ಸಿನ ಬಗ್ಗೆ ಬರೀತಾರೆ, ಅದು ನಿಂತರೆ ಎದುರಿನ ಕಾರೂ ನಿಲ್ಲಬೇಕು ಅಂತ. ಆ ಬಣ್ಣ 1939ರ ಒಂದು ಸಮ್ಮೇಳನದಲ್ಲಿ ನಿಕ್ಕಿ ಆದದ್ದು. ಅವರ ಮಕ್ಕಳು ಹೋಗೋದು ಸರ್ಕಾರಿ ಶಾಲೆಗೆ, ತೆರಿಗೆ ದುಡ್ಡಿನ ಬಸ್ಸಿನಲ್ಲಿ. ಅಷ್ಟನ್ನ ಮಾತ್ರ ನಾವು ಅಲ್ಲಿಂದ ತರಲಿಲ್ಲ.

ಕವಿರಾಜಮಾರ್ಗ ತಿರುಳ್ಗನ್ನಡದ ನಾಡು ಅಂತ ಹೆಸರಿಸಿದ ಊರುಗಳಲ್ಲಿ ಒಂದಾದ ಪುಲಿಗೆರೆಯೇ ಇವತ್ತಿನ ಲಕ್ಷ್ಮೇಶ್ವರ. ವೇದಿಕೆ ಮೇಲೆ ಇದನ್ನ ಹೇಳಿ ಚಪ್ಪಾಳೆ ಗಿಟ್ಟಿಸೋರು, ಅದೇ ಪುಲಿಗೆರೆಗೆ ಪಕ್ಕದ ಹಳ್ಳಿಯ ಕನ್ನಡದ ಹುಡುಗ ಬೆಳಿಗ್ಗೆ ಒಂಬತ್ತೂವರೆಗೆ ಮುಟ್ಟೋದು ಹೇಗೆ ಅಂತಲೂ ಒಮ್ಮೆ ಕೇಳಲಿ.

ಒಂದು ಅಪಾಯ ಉಂಟು, ಅದನ್ನೂ ಹೇಳಲೇಬೇಕು. ಬಸ್ಸು ಕೊಡ್ತೀವಿ ಅಂತ ಹೇಳಿ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ಬೀಗ ಹಾಕೋ ಹುನ್ನಾರ. ವಿಲೀನ ಅನ್ನೋ ಶಬ್ದ ಕೇಳಿದಾಗೆಲ್ಲ ನನಗೆ ಈ ಭಯ. ಆರು ವರ್ಷದ ಮಗು ಬಸ್ ಹತ್ತಬೇಕಾಗಿಲ್ಲ, ಅದರ ಶಾಲೆ ಅದರ ಊರಲ್ಲೇ ಇರಬೇಕು. ಬಸ್ಸು ಬೇಕಾಗಿರೋದು ಹೈಸ್ಕೂಲಿಗೆ, ಪಿಯುಸಿಗೆ, ಐಟಿಐಗೆ. ಇವೆರಡನ್ನ ಕಲಸೋಕೆ ಬಿಡಬಾರದು. ಇನ್ನು ದಾನಿಗಳು, ಹಳೇ ವಿದ್ಯಾರ್ಥಿಗಳು ಸೇರಿ ವ್ಯಾನು ಕೊಡಿಸೋದು ದೊಡ್ಡ ಮನಸ್ಸೇ, ಕರಾವಳಿಯ ಕೆಲವು ಶಾಲೆಗಳು ಹಾಗೇ ಉಳಿದುಕೊಂಡಿವೆ. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ಜಿಲ್ಲೆ ನಮ್ಮದು, ಕೂಡಿ ಮಾಡೋದು ನಮಗೆ ಹೊಸದಲ್ಲ. ಆದ್ರೂ ವ್ಯಾನು ಕೊಡಿಸೋದು ಒಂದು ದಿನದ ಫೋಟೋ, ಡೀಸೆಲ್ಲು-ಡ್ರೈವರು ದಿನದಿನದ ಖರ್ಚು. ಅದು ಸರ್ಕಾರದ್ದೇ ಕೆಲಸ.

ಸದ್ಯಕ್ಕೆ ನಾನು ಮಾಡ್ತಿರೋದು ಇಷ್ಟು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಬರೆದಿಟ್ಟಿದ್ದೀನಿ. ಮೂರು ಪ್ರಶ್ನೆ: ಯಾವ ಮಾರ್ಗದಲ್ಲಿ ಎಷ್ಟು ವಿದ್ಯಾರ್ಥಿ ಪಾಸು ಕೊಟ್ಟಿದ್ದೀರಿ, ಆ ಮಾರ್ಗದಲ್ಲಿ ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆವರೆಗೆ ಊರ ಕಡೆ ಬರುವ ಟ್ರಿಪ್ ಎಷ್ಟು, 2023ರ ‘ಮಕ್ಕಳ ಬಸ್ಸು’ ಘೋಷಣೆಯ ಮೇಲೆ ಏನು ಕ್ರಮ ಆಯ್ತು. ಮೊದಲು ಲಕ್ಷ್ಮೇಶ್ವರದ್ದು ಹಾಕ್ತೀನಿ. ಮುಂಡರಗಿ, ಶಿರಹಟ್ಟಿ ಕಡೆಯ ಬ್ಲಾಗಿಗರು ಯಾರಾದ್ರೂ ಇದ್ರೆ ನಿಮ್ಮ ಕಡೆಯದು ನೀವು ಹಾಕಿ, ಒಕ್ಕಣೆ ಬೇಕಿದ್ರೆ ಕಳಿಸ್ತೀನಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಂದದ್ದನ್ನ ಇಲ್ಲೇ ಹಾಕ್ತೀನಿ.